ಮೂರ್ಧನ್ಯ ಧ್ವನಿಗಳೂ ಧರ್ಮಸಭೆಯ ಕಿವಿಯೂ: ಒಂದು ಚಾರಿತ್ರಿಕ ಅವಲೋಕನ

1. ಪೀಠಿಕೆ

ನ್ಯಾಯಸ್ಥಾಪಕರ ಗ್ರಂಥದ 12ನೆಯ ಅಧ್ಯಾಯದಲ್ಲಿ ಉಚ್ಚಾರಣೆಯ ಪರೀಕ್ಷೆಯೊಂದು ನಡೆಯುತ್ತದೆ. ಯುದ್ಧದಲ್ಲಿ ಸೋತು ತಪ್ಪಿಸಿಕೊಂಡು ಬರುತ್ತಿದ್ದ ಎಫ್ರಯಿಮ್ಯರನ್ನು ಗಿಲ್ಯಾದಿನವರು ಜೋರ್ಡನ್ ನದಿಯ ಹಾಯ್ಗಡದಲ್ಲಿ ತಡೆದು 'ಷಿಬ್ಬೋಲೆತ್' ಎಂಬ ಒಂದೇ ಒಂದು ಪದವನ್ನು ಹೇಳಿಸುತ್ತಾರೆ. ನಾಲಿಗೆ ಹೊರಳದೆ 'ಸಿಬ್ಬೋಲೆತ್' ಎಂದವನು ಅಲ್ಲಿಯೇ ಹತನಾಗುತ್ತಾನೆ. ಆ ಸಂದರ್ಭದಲ್ಲಿ ಮಡಿದ ಎಫ್ರಯಿಮ್ಯರು 42,000 ಎಂದು ಪವಿತ್ರ ಗ್ರಂಥ ದಾಖಲಿಸುತ್ತದೆ. ಶುಭಸಂದೇಶಗಳಲ್ಲಿಯೂ ಇದರ ಪ್ರತಿಧ್ವನಿಯಿದೆ. ಮಹಾಯಾಜಕನ ಅಂಗಳದಲ್ಲಿ ಪೇತ್ರನನ್ನು ಹಿಡಿದುಕೊಟ್ಟದ್ದು ಅವನ ಗಲಿಲೇಯದ ಮಾತಿನ ಧಾಟಿಯೇ. ಒಂದು ಧ್ವನಿಯ ವ್ಯತ್ಯಾಸ ಮನುಷ್ಯನನ್ನು ಒಳಗಿನವನೆಂದೋ ಹೊರಗಿನವನೆಂದೋ ಗುರುತಿಸಬಲ್ಲದೆಂಬುದನ್ನು ಪವಿತ್ರ ಗ್ರಂಥ ಬಲ್ಲದು.

ಈ ವಾಕ್ಯಭಾಗವನ್ನು ನಾವು ಹಲವು ವರ್ಷ ಪಾಠ ಮಾಡಿದ್ದೇವೆ. ಆದರೆ ಅದು ನಮ್ಮ ಮನಸ್ಸಿಗೆ ನಾಟಿದ್ದು ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ. ಈಶಾನ್ಯ ಭಾರತದ ಬೆಟ್ಟದ ನಾಡಿನಿಂದ ಬಂದಿದ್ದ ಗುರು ಅಭ್ಯರ್ಥಿಯೊಬ್ಬರು ಕನ್ನಡ ಕಲಿಯುತ್ತಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ ಶುಭಸಂದೇಶ ಓದುವ ಸರದಿ ಅವರದಾಗಿತ್ತು. 'ಯೇಸು ಅವರಿಗೆ ಹೇಳಿದರು' ಎಂಬ ಮಾತು ಬಾರದ ಪುಟ ಶುಭಸಂದೇಶಗಳಲ್ಲಿ ಅಪರೂಪ. ಆ ಕ್ರಿಯಾಪದದ 'ಳ'ಕಾರ 'ಲ'ಕಾರವಾದರೆ ಏನಾಗುವುದೆಂದು ಕನ್ನಡ ಬಲ್ಲ ಓದುಗರಿಗೆ ವಿವರಿಸಬೇಕಾಗಿಲ್ಲ. ಮೂರನೆಯ ಸಲ ಹಾಗೆಯೇ ಕೇಳಿಬಂದಾಗ ಸಾಲುಗಳಲ್ಲಿ ನಗೆಯನ್ನು ಅದುಮಿಡುವ ಸದ್ದು ಎದ್ದಿತು. ನಾವೂ ಗಂಭೀರವಾಗಿದ್ದೆವೆಂದು ಹೇಳಲಾರೆವು. ಓದಿ ಮುಗಿಸಿದ ಅವರಿಗೆ ಕಾರಣ ತಿಳಿದದ್ದು ಸಂಜೆ, ಗೆಳೆಯನೊಬ್ಬನಿಂದ. ಆ ಬಳಿಕ ಇಡೀ ವರ್ಷ ಅವರು ವಾಚನಪೀಠವನ್ನು ಏರಲಿಲ್ಲ.

ಅಂದಿನಿಂದ ಈ ಧ್ವನಿಗಳ ಚರಿತ್ರೆಯ ಬಗೆಗೆ ನಮಗೆ ಕುತೂಹಲವೂ ಒಂದು ಬಗೆಯ ಅಳುಕೂ ಹುಟ್ಟಿದವು. ಭಾರತಕ್ಕೆ ಸುವಾರ್ತೆ ತಂದವರಲ್ಲಿ ಹೆಚ್ಚಿನವರ ನಾಲಿಗೆಗೆ ಟ, ಡ, ಣ, ಳ ಪರಕೀಯವಾಗಿದ್ದವು. ಅವರು ಈ ಧ್ವನಿಗಳನ್ನು ಹೇಗೆ ಕೇಳಿಸಿಕೊಂಡರು, ಹೇಗೆ ಬರೆದಿಟ್ಟರು, ಎಲ್ಲಿ ಎಡವಿದರು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2. ಧ್ವನಿಯ ಸ್ವರೂಪ

ನಾಲಿಗೆಯ ತುದಿಯನ್ನು ಮೇಲಕ್ಕೆತ್ತಿ ಹಿಂದಕ್ಕೆ ಮಡಿಸಿ, ಹಲ್ಲಿನ ಬುಡದ ದಿಂಡಿಗಿಂತ ಹಿಂದೆ ಅಂಗುಳಿಗೆ ತಾಗಿಸಿದಾಗ ಹುಟ್ಟುವ ವ್ಯಂಜನಗಳು ಮೂರ್ಧನ್ಯಗಳು. 'ಮೂರ್ಧ' ಎಂದರೆ ತಲೆ, ಶಿಖರ. ಇಲ್ಲಿ ಬಾಯಿಯ ಒಳಮಾಳಿಗೆಯ ಎತ್ತರದ ಭಾಗವೆಂದು ತಿಳಿಯಬೇಕು. ತೈತ್ತಿರೀಯ ಪ್ರಾತಿಶಾಖ್ಯವು ಟವರ್ಗವನ್ನು ವಿವರಿಸುವಾಗ ನಾಲಿಗೆಯ ತುದಿಯನ್ನು ಸುರುಳಿಸಿ ಮೂರ್ಧಕ್ಕೆ ಮುಟ್ಟಿಸಬೇಕೆಂದು ಹೇಳುತ್ತದೆ. ತಮಿಳಿನ ತೊಲ್ಕಾಪ್ಪಿಯವೂ ನಾಲಿಗೆಯ ತುದಿ ಮೇಲೆದ್ದು ಅಂಗುಳಿಗೆ ತಾಗುವುದನ್ನು ಗುರುತಿಸಿದೆ. ಆರಂಭದ ಯೂರೋಪಿನ ವೈಯಾಕರಣರು 'ಮೂರ್ಧನ್ಯ'ವನ್ನು ಅಕ್ಷರಶಃ ಭಾಷಾಂತರಿಸಲು ಹೋಗಿ 'ಸೆರಿಬ್ರಲ್', ಅಂದರೆ ಮಿದುಳಿಗೆ ಸಂಬಂಧಿಸಿದ್ದು, ಎಂದುಬಿಟ್ಟರು. ಆ ಹೆಸರು ಹಳೆಯ ವ್ಯಾಕರಣಗಳಲ್ಲಿ ಬಹುಕಾಲ ಉಳಿಯಿತು. ಇಂದು ಬಳಕೆಯಲ್ಲಿರುವ 'ರೆಟ್ರೋಫ್ಲೆಕ್ಸ್' ಎಂಬ ಪದಕ್ಕೆ ಲತೀನಿನಲ್ಲಿ 'ಹಿಂದಕ್ಕೆ ಬಾಗಿದ' ಎಂದಷ್ಟೇ ಅರ್ಥ. ನಮ್ಮ ಭಾಷಾವಿಜ್ಞಾನಿಗಳ 'ಪ್ರತಿವೇಷ್ಟಿತ' ಎಂಬ ಪದವೂ ಅದನ್ನೇ ಹೇಳುತ್ತದೆ.

ಹೆಸರು ಒಂದೇ ಆದರೂ ಎಲ್ಲ ಭಾಷೆಗಳಲ್ಲಿ ನಾಲಿಗೆ ಒಂದೇ ಪ್ರಮಾಣದಲ್ಲಿ ಮಡಿಯುವುದಿಲ್ಲ. ತಮಿಳು, ತೆಲುಗು ಮೊದಲಾದ ದ್ರಾವಿಡ ಭಾಷೆಗಳಲ್ಲಿ ನಾಲಿಗೆಯ ತುದಿಯ ಕೆಳಭಾಗವೇ ಅಂಗುಳಿಗೆ ತಾಗುವಷ್ಟು ಮಡಿಕೆಯಿರುತ್ತದೆ. ಹಿಂದಿಯಲ್ಲಿ ತುದಿ ಅಷ್ಟು ಹಿಂದೆ ಹೋಗದು. ಶಿಷ್ಟ ಹಿಂದಿಯಲ್ಲಿ 'ಳ' ಇಲ್ಲ. ಮರಾಠಿ, ಕೊಂಕಣಿ, ಗುಜರಾತಿ, ಒಡಿಯಾ ಭಾಷೆಗಳಲ್ಲಿದೆ. ಬಂಗಾಳಿಯ ಬರಹದಲ್ಲಿ 'ಣ' ಇದ್ದರೂ ಉಚ್ಚಾರಣೆಯಲ್ಲಿ ಅದು 'ನ'ಕಾರವೇ. ಅಸ್ಸಾಮಿಯಲ್ಲಿ ತವರ್ಗ ಮತ್ತು ಟವರ್ಗಗಳ ಭೇದವೇ ಅಳಿಸಿಹೋಗಿದೆ. ಲಿಪಿಯಲ್ಲಿ ಎರಡು ಸಾಲು ಅಕ್ಷರಗಳಿದ್ದರೂ ನಾಲಿಗೆಗೆ ಒಂದೇ ನೆಲೆ.

ಭಾರತದ ಹೊರಗೂ ಈ ಧ್ವನಿಗಳುಂಟು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಅನೇಕ ಭಾಷೆಗಳಲ್ಲಿ ಅವು ಸಹಜವಾಗಿವೆ. ಸ್ವೀಡಿಷ್ ಭಾಷೆಯಲ್ಲಿ 'ರ'ಕಾರದ ನಂತರ 'ನ' ಬಂದರೆ ಎರಡೂ ಬೆರೆತು ನಮ್ಮ 'ಣ'ವನ್ನು ಹೋಲುವ ಧ್ವನಿಯಾಗುತ್ತದೆ. ನಮ್ಮ ಆರಾಧನೆಯ ಪ್ರಾಚೀನ ಭಾಷೆಯಾದ ಲತೀನಿನಿಂದ ಹುಟ್ಟಿದ ಸಿಸಿಲಿಯ ಆಡುನುಡಿಯಲ್ಲಿಯೂ ಇದಕ್ಕೆ ನಿದರ್ಶನವಿದೆ. ಲತೀನಿನಲ್ಲಿ 'ಸುಂದರ' ಎಂಬರ್ಥದ 'ಬೆಲ್ಲುಸ್' ಅಲ್ಲಿ 'ಬೆಡ್ಡು' ಆಗಿದೆ, ಅದೂ ನಾಲಿಗೆ ಮಡಿಸಿದ 'ಡ'ಕಾರದೊಡನೆ. ಆದುದರಿಂದ ಈ ಧ್ವನಿಗಳು ಯಾವುದೋ ಒಂದು ಜನಾಂಗದ ಬಾಯಿಯ ರಚನೆಗೆ ಸೇರಿದವೆಂಬ ಹಳೆಯ ಕಲ್ಪನೆಗೆ ಆಧಾರವಿಲ್ಲ.

ಇಂಗ್ಲಿಷಿನ 'ಟಿ', 'ಡಿ' ಅಕ್ಷರಗಳ ಧ್ವನಿ ಹಲ್ಲಿನ ಬುಡದ ದಿಂಡಿನಲ್ಲಿ ಹುಟ್ಟುತ್ತದೆ. ಅದು ನಮ್ಮ 'ತ'ಕಾರವೂ ಅಲ್ಲ, 'ಟ'ಕಾರವೂ ಅಲ್ಲ, ನಡುವಿನ ನೆಲೆ. ಭಾರತೀಯ ಕಿವಿ ಅದನ್ನು 'ಟ'ಕಾರದ ಕಡೆಗೆ ಸೇರಿಸಿಕೊಂಡಿತು. ಪೋರ್ಚುಗೀಸಿನ ಅದೇ ಅಕ್ಷರಗಳು ಹಲ್ಲಿಗೆ ತಾಗಿ ಹುಟ್ಟುವುದರಿಂದ ಅವನ್ನು 'ತ', 'ದ' ಎಂದು ಕೇಳಿಸಿಕೊಂಡಿತು. ಇದರ ಸಾಕ್ಷ್ಯ ನಮ್ಮ ಸೇವಾಪದವಿಯ ಹೆಸರಿನಲ್ಲಿಯೇ ಇದೆ. ಪೋರ್ಚುಗೀಸರ ಮೂಲಕ ಬಂದವನು 'ಪಾದ್ರಿ', ಇಂಗ್ಲಿಷಿನ ಮೂಲಕ ಬಂದವನು 'ಪಾಸ್ಟರ್'. ಹಾಗೆಯೇ 'ಮೇಸ್ತ್ರಿ' ಪೋರ್ಚುಗೀಸ್ ದಾರಿಯದು, 'ಮಾಸ್ಟರ್' ಇಂಗ್ಲಿಷ್ ದಾರಿಯದು. ಲತೀನಿನಲ್ಲಿ ಎರಡಕ್ಕೂ ಮೂಲ ಒಂದೇ. 'ಬಟಾಟೆ'ಯಂತಹ ಅಪವಾದಗಳಿವೆ. ಆದರೂ ಕ್ರೈಸ್ತಧರ್ಮ ಯಾವ ಹಡಗಿನಲ್ಲಿ ಬಂದಿತೆಂಬುದನ್ನು ನಮ್ಮ ಜನರ ಕಿವಿ ವ್ಯಂಜನಗಳಲ್ಲಿ ಬರೆದಿಟ್ಟುಕೊಂಡಿದೆಯೆಂದರೆ ತಪ್ಪಾಗದು.

3. ಇಮ್ಮಡಿ ಅಕ್ಷರಗಳು: ಗೋವಾದ ಪ್ರಯತ್ನ

ನಮ್ಮ ಜನರು ಅವರನ್ನು ಕೇಳಿಸಿಕೊಂಡ ಬಗೆ ಇದಾದರೆ, ಅವರು ನಮ್ಮನ್ನು ಕೇಳಿಸಿಕೊಂಡ ಬಗೆ ಯಾವುದು? 1554ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದ ತಮಿಳು ಧರ್ಮೋಪದೇಶದ ಕಿರುಹೊತ್ತಗೆಯಲ್ಲಿ ತಮಿಳು ಪದಗಳು ರೋಮನ್ ಲಿಪಿಯಲ್ಲಿವೆ. 'ತ' ಮತ್ತು 'ಟ', 'ನ' ಮತ್ತು 'ಣ', 'ಲ' ಮತ್ತು 'ಳ' ಈ ಜೋಡಿಗಳಿಗೆ ರೋಮನ್ ಲಿಪಿಯಲ್ಲಿ ಒಂದೊಂದೇ ಅಕ್ಷರ. ಈ ತೊಡಕಿನಿಂದ ಪಾರಾಗಲು ಎರಡು ಮಾರ್ಗಗಳಿದ್ದವು: ದೇಶೀಯ ಲಿಪಿಯನ್ನೇ ಎರಕ ಹೊಯ್ಯುವುದು, ಇಲ್ಲವೇ ರೋಮನ್ ಲಿಪಿಗೆ ಹೊಸ ಸಂಕೇತ ಸೇರಿಸುವುದು.

ಮೊದಲನೆಯದನ್ನು ಮುತ್ತಿನ ಕರಾವಳಿಯಲ್ಲಿ ದುಡಿದ ಯೇಸುಸಭೆಯ ಹೆನ್ರಿಕ್ ಹೆನ್ರಿಕಸ್ ಕೈಗೊಂಡರು. 1546ರಲ್ಲಿ ಭಾರತಕ್ಕೆ ಬಂದ ಅವರು ತಮಿಳಿನ ವ್ಯಾಕರಣವನ್ನು ಬರೆದರು. 1578ರಲ್ಲಿ ಕೊಲ್ಲಂನಲ್ಲಿ ಅವರ 'ತಂಬಿರಾನ್ ವಣಕ್ಕಂ' ತಮಿಳು ಅಚ್ಚುಮೊಳೆಗಳಲ್ಲಿ ಮುದ್ರಣವಾಯಿತು. ಕೇವಲ 16 ಪುಟಗಳ ಆ ಹೊತ್ತಗೆಯ ಹೆಸರಿನಲ್ಲಿಯೇ ಇರುವ 'ಣ'ಕಾರ ತನ್ನ ಸ್ವಂತ ರೂಪದಲ್ಲಿ ಕಾಗದದ ಮೇಲೆ ಮೂಡಿತು.

ಎರಡನೆಯ ಮಾರ್ಗ ಗೋವಾದಲ್ಲಿ ಅನಿವಾರ್ಯವಾಯಿತು. 1579ರಲ್ಲಿ ಅಲ್ಲಿಗೆ ಬಂದ ಇಂಗ್ಲೆಂಡಿನ ಯೇಸುಸಭೆಯ ಯಾಜಕ ತೋಮಾಸ್ ಸ್ಟೀಫನ್ಸ್ ಮರಾಠಿ ಮತ್ತು ಕೊಂಕಣಿಗಳನ್ನು ಆಳವಾಗಿ ಅಭ್ಯಸಿಸಿದರು. ದೇಶೀಯ ಲಿಪಿಯ ಮೊಳೆಗಳನ್ನು ಮಾಡಿಸಲು ಅನುಮತಿ ಬೇಡಿ 1608ರಲ್ಲಿ ಯೇಸುಸಭೆಯ ಮಹಾಧಿಪತಿಗಳಿಗೆ ಪತ್ರ ಬರೆದರು. ಅದು ಕೈಗೂಡಲಿಲ್ಲ. ಸುಮಾರು 11 ಸಾವಿರ ಓವಿಗಳ ಅವರ 'ಕ್ರಿಸ್ತಪುರಾಣ' 1616ರಲ್ಲಿ ರಾಯತೂರಿನಲ್ಲಿ ರೋಮನ್ ಲಿಪಿಯಲ್ಲಿಯೇ ಅಚ್ಚಾಯಿತು. ಅವರ ಮರಣಾನಂತರ 1640ರಲ್ಲಿ ಅಲ್ಲಿಯೇ ಹೊರಬಂದ ವ್ಯಾಕರಣದ ಹೆಸರಿನಲ್ಲಿ 'ಕಾನಾರಿಂ' ಎಂದಿದ್ದರೂ ಅದು ಕೊಂಕಣಿಯ ವ್ಯಾಕರಣ. ಈ ಪರಂಪರೆಯಲ್ಲಿ ನೆಲೆಗೊಂಡ ಉಪಾಯ ಸರಳವಾದದ್ದು: ದಂತ್ಯಕ್ಕೆ ಒಂದು ಅಕ್ಷರ, ಮೂರ್ಧನ್ಯಕ್ಕೆ ಅದೇ ಅಕ್ಷರ ಎರಡು ಸಲ. ಇಂದಿಗೂ ಗೋವಾದ ಕಥೋಲಿಕರು ತಮ್ಮ ಭಾಷೆಯ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ 'ಣಿ'ಗಾಗಿ 'ಎನ್' ಅಕ್ಷರವನ್ನು ಇಮ್ಮಡಿಸುತ್ತಾರೆ. ನಾಲ್ಕು ಶತಮಾನಗಳ ಹಿಂದಿನ ಆಲಿಕೆಯೊಂದು ಪ್ರಾರ್ಥನಾ ಪುಸ್ತಕಗಳ ಕಾಗುಣಿತದಲ್ಲಿ ಇನ್ನೂ ಜೀವಂತವಾಗಿದೆ.

ಈ ಉಪಾಯಕ್ಕೆ ಮಿತಿಯೂ ಇತ್ತು. ನಮ್ಮ ಭಾಷೆಗಳಲ್ಲಿ ಒತ್ತಕ್ಷರಗಳೂ ಉಂಟಷ್ಟೆ. ಇಮ್ಮಡಿ ಅಕ್ಷರವೇ ಮೂರ್ಧನ್ಯದ ಗುರುತಾದರೆ ಕನ್ನಡದ 'ಹಲ್ಲಿ'ಯನ್ನೂ 'ಹಳ್ಳಿ'ಯನ್ನೂ ಬೇರ್ಪಡಿಸುವುದು ಹೇಗೆ? ಲಿಪಿ ಯಾವಾಗಲೂ ಕಿವಿಗಿಂತ ಒಂದು ಹೆಜ್ಜೆ ಹಿಂದೆ.

ಇಷ್ಟು ಶ್ರದ್ಧೆಯ ಆಲಿಕೆಯ ನಾಡಿನಲ್ಲಿಯೇ ಕಿವುಡುತನವೂ ಬೆಳೆಯಿತೆಂಬುದನ್ನು ಚರಿತ್ರಕಾರ ಮುಚ್ಚಿಡುವಂತಿಲ್ಲ. 1684ರಲ್ಲಿ ಗೋವಾದ ಪೋರ್ಚುಗೀಸ್ ವೈಸರಾಯ್, ಜನರು 3 ವರ್ಷಗಳೊಳಗೆ ಕೊಂಕಣಿಯನ್ನು ತೊರೆದು ಪೋರ್ಚುಗೀಸ್ ಆಡಬೇಕೆಂದು ಆಜ್ಞೆ ಹೊರಡಿಸಿದನು. ಕೊಂಕಣಿಯ ವ್ಯಾಕರಣ ಅಚ್ಚಾಗಿ ಆಗ ಕೇವಲ 44 ವರ್ಷ ಕಳೆದಿತ್ತು. ಒಂದು ತಲೆಮಾರು ಪ್ರೀತಿಯಿಂದ ಕಲಿತದ್ದನ್ನು ಇನ್ನೊಂದು ತಲೆಮಾರು ಅಧಿಕಾರದಿಂದ ಅಳಿಸಲು ಹೊರಟಿತು.

4. ಸುರಿಯಾನಿಯ ಆತಿಥ್ಯ

ಇದೇ ಸಮಸ್ಯೆಗೆ ಕೇರಳದ ಸಂತ ತೋಮಾಸರ ಕ್ರೈಸ್ತರು ಕಂಡುಕೊಂಡ ಪರಿಹಾರ ದೈವಶಾಸ್ತ್ರದ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಅವರ ಆರಾಧನೆಯ ಭಾಷೆ ಸುರಿಯಾನಿ, ಆಡುವ ಭಾಷೆ ಮಲಯಾಳಂ. ಮಲಯಾಳಂ ಭಾಷೆಯನ್ನು ಸುರಿಯಾನಿ ಲಿಪಿಯಲ್ಲಿ ಬರೆಯುವ 'ಕರ್ಷೋನಿ' ಪದ್ಧತಿ ಅವರಲ್ಲಿ ಬೆಳೆಯಿತು. ಆದರೆ ಸುರಿಯಾನಿಯಲ್ಲಿರುವುದು 22 ಅಕ್ಷರಗಳು; ಅವುಗಳಲ್ಲಿ ಮೂರ್ಧನ್ಯಕ್ಕೆ ಒಂದೂ ಇಲ್ಲ. ಬರೆಯುವವರು ಕೊರತೆ ಬಿದ್ದೆಡೆ ಮಲಯಾಳಂ ಅಕ್ಷರಗಳನ್ನೇ ತಂದು ಸುರಿಯಾನಿ ಅಕ್ಷರಗಳ ನಡುವೆ ಕೂರಿಸಿದರು. 2017ರಲ್ಲಿ ಯೂನಿಕೋಡ್ ಶಿಷ್ಟತೆಗೆ ಸೇರ್ಪಡೆಯಾದ ಇಂತಹ 11 ಅಕ್ಷರಗಳಲ್ಲಿ ಟ, ಣ, ಳ, ೞ, ಷ ಎಂಬ 5 ಮೂರ್ಧನ್ಯಗಳಿವೆ.

ಇದರಲ್ಲಿ ನಮಗೆ ಒಂದು ಚಿತ್ರ ಕಾಣುತ್ತದೆ. ಪ್ರಭುವಿನ ಮಾತೃಭಾಷೆಯಾದ ಅರಮಾಯಿಕ್‌ಗೆ ಅತಿ ಹತ್ತಿರವೆಂದು ಪೂಜ್ಯವಾಗಿದ್ದ ಲಿಪಿಯದು. ಅದು ತನ್ನ ಘನತೆಗೆ ಕುಂದೆಂದು ಭಾವಿಸದೆ ಈ ನೆಲದ ಅಕ್ಷರಗಳಿಗೆ ತನ್ನ ಸಾಲಿನಲ್ಲಿ ಜಾಗ ಬಿಟ್ಟುಕೊಟ್ಟಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ನಾವು ಸುವಾರ್ತೆಯ ದೇಶೀಕರಣದ ಬಗೆಗೆ ಬಹಳ ಬರೆದಿದ್ದೇವೆ. ಹೆಸರಿಲ್ಲದ ಆ ಲಿಪಿಕಾರರು ಅದನ್ನು ಸದ್ದಿಲ್ಲದೆ ಲೇಖನಿಯ ತುದಿಯಲ್ಲಿ ನಡೆಸಿದ್ದರು.

5. ಹತ್ತೊಂಬತ್ತನೆಯ ಶತಮಾನ: ಮೂಲದ ಪ್ರಶ್ನೆ

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಶ್ನೆ ಬದಲಾಯಿತು. ಈ ಧ್ವನಿಗಳನ್ನು ಹೇಗೆ ಬರೆಯುವುದೆಂಬುದರ ಜೊತೆಗೆ, ಅವು ಯಾರವು ಎಂಬ ಚರ್ಚೆ ಎದ್ದಿತು. ಋಗ್ವೇದದ ಮೊದಲ ಸೂಕ್ತದ ಎರಡನೆಯ ಪದದಲ್ಲಿಯೇ 'ಳ'ಕಾರ ಕೇಳಿಬರುತ್ತದೆ. ಆದರೆ ಸಂಸ್ಕೃತದ ಅತ್ಯಂತ ಸಮೀಪದ ಬಂಧುವಾದ ಅವೆಸ್ತಾದ ಭಾಷೆಯಲ್ಲಿ ಟವರ್ಗವಿಲ್ಲ. ಗ್ರೀಕ್, ಲತೀನುಗಳಲ್ಲಿಯೂ ಇಲ್ಲ. ಹಾಗಾದರೆ ಸಂಸ್ಕೃತಕ್ಕೆ ಇವು ಎಲ್ಲಿಂದ ಬಂದವು?

ತಿರುನೆಲ್ವೇಲಿಯಲ್ಲಿ ಮಿಷನರಿಯಾಗಿದ್ದು ಮುಂದೆ ಆಂಗ್ಲಿಕನ್ ಬಿಷಪರಾದ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ, ಈ ಧ್ವನಿಗಳು ದ್ರಾವಿಡದ ಧಾತುಗಳಲ್ಲಿಯೇ ಬೇರೂರಿರುವುದರಿಂದ ಸಂಸ್ಕೃತ ಅವನ್ನು ದ್ರಾವಿಡದಿಂದ ಪಡೆದಿರಬೇಕೆಂದು ವಾದಿಸಿದರು. 1864ರಲ್ಲಿ ಸಂಸ್ಕೃತ ವಿದ್ವಾಂಸ ಗೇಯಾರ್ಗ್ ಬ್ಯೂಲರ್ ಇದನ್ನು ವಿರೋಧಿಸಿ, ಸಂಸ್ಕೃತದ ಒಳಗಿನ ಧ್ವನಿನಿಯಮಗಳಿಂದಲೇ ಇವು ಹುಟ್ಟಿದವೆಂದರು. ಮಲಯಾಳಂ ನಿಘಂಟುಕಾರ ಹೆರ್ಮನ್ ಗುಂಡರ್ಟ್ 1869ರಲ್ಲಿಯೂ, ಮಂಗಳೂರಿನ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1872ರಲ್ಲಿಯೂ ಸಂಸ್ಕೃತದೊಳಗಿನ ದ್ರಾವಿಡ ಅಂಶಗಳ ಬಗೆಗೆ ಲೇಖನಗಳನ್ನು ಬರೆದರು.

ಇಂದು ನಿಂತು ನೋಡಿದರೆ ಎರಡೂ ಪಕ್ಷಗಳಲ್ಲಿ ಹುರುಳಿದೆ. ನಾವು ದಿನನಿತ್ಯ ಬಳಸುವ 'ಸೃಷ್ಟಿ' ಎಂಬ ದೈವಶಾಸ್ತ್ರದ ಪದವನ್ನೇ ತೆಗೆದುಕೊಳ್ಳೋಣ. 'ಸೃಜ್' ಧಾತುವಿಗೆ 'ತಿ' ಪ್ರತ್ಯಯ ಸೇರಿದಾಗ ಸಂಸ್ಕೃತದ ಸ್ವಂತ ನಿಯಮದಂತೆ 'ಷ್ಟಿ' ಆಗುತ್ತದೆ. ಇಲ್ಲಿ ಸಾಲದ ಮಾತಿಲ್ಲ. ಆದರೆ ಹೀಗೆ ಹುಟ್ಟಿದ ಧ್ವನಿ ಅಳಿಯದೆ ಒಂದು ಪೂರ್ಣ ವರ್ಗವಾಗಿ ಬೆಳೆಯಲು, ಅದನ್ನು ಆಗಲೇ ಆಡುತ್ತಿದ್ದ ನೆರೆಯವರ ಸಹವಾಸ ನೆರವಾಗಿರಬೇಕೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. 1956ರಲ್ಲಿ ಮರ್ರೆ ಎಮೆನೊ ಭಾರತವನ್ನು ಒಂದು 'ಭಾಷಾ ವಲಯ'ವೆಂದು ವಿವರಿಸಿದಾಗ, ಬೇರೆ ಬೇರೆ ಕುಲದ ಭಾಷೆಗಳು ಹಂಚಿಕೊಂಡ ಲಕ್ಷಣಗಳಲ್ಲಿ ಮೂರ್ಧನ್ಯಗಳಿಗೆ ಮಹತ್ವದ ಸ್ಥಾನ ದೊರೆಯಿತು. ಭಾರತದ ಭಾಷೆಗಳು ಒಂದರ ನೆರೆಯಲ್ಲಿ ಒಂದು ಬಾಳಿ ಒಂದರ ದನಿಯನ್ನು ಇನ್ನೊಂದು ಪಡೆದವು.

ಕಿಟ್ಟೆಲರಿಗೆ ಕನ್ನಡದ ಓದುಗರು ವಿಶೇಷವಾಗಿ ಋಣಿಗಳು. 1853ರಲ್ಲಿ ಭಾರತಕ್ಕೆ ಬಂದ ಅವರು ಯೇಸುಸ್ವಾಮಿಯ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ 1862ರಲ್ಲಿ ಬರೆದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದರು. 1894ರಲ್ಲಿ ಅವರ ಬೃಹತ್ ನಿಘಂಟು ಪ್ರಕಟವಾಯಿತು. ಹದಿಮೂರನೆಯ ಶತಮಾನದ ಕೇಶಿರಾಜ 'ಳ'ಕಾರದಲ್ಲಿ ಕುಳ, ಕ್ಷಳ, ರೞ ಎಂಬ ಭೇದಗಳನ್ನು ಹೇಳಿ, ೞಕಾರವಿರುವ ಪದಗಳನ್ನು ಪಟ್ಟಿಮಾಡಿದ್ದನು. ಜನರ ಬಾಯಲ್ಲಿ ಆ ಧ್ವನಿ ಅಷ್ಟರಲ್ಲಿ ಳಕಾರದೊಡನೆ ಬೆರೆತುಹೋಗಿದ್ದುದರಿಂದಲೇ ಪಟ್ಟಿಯ ಅಗತ್ಯ ಬಿದ್ದಿತು. ಕಿಟ್ಟೆಲರು ಆರು ಶತಮಾನಗಳ ಅನಂತರ ೞ, ಱ ಅಕ್ಷರಗಳನ್ನು ತಮ್ಮ ನಿಘಂಟಿನಲ್ಲಿ ಗುರುತಿಸಿ ಪದಗಳ ಹಳೆಯ ರೂಪವನ್ನು ಕಾಪಾಡಿದರು.

ಈ ಕಾಪಿಡುವಿಕೆಯ ಬೆಲೆ ನಮ್ಮ ವಿಶ್ವಾಸದ ಶಬ್ದಗಳಲ್ಲಿಯೇ ಕಾಣುತ್ತದೆ. ಇಂದಿನ 'ಬಾಳು' ಹಿಂದೆ 'ಬಾೞ್'. ಇಂದಿನ 'ಬೀಳು', 'ಬಿದ್ದ' ಎಂಬವುಗಳ ಮೂಲ 'ಬಿೞ್'. ಇಂದಿನ 'ಏಳು', 'ಎದ್ದ' ಎಂಬವುಗಳ ಮೂಲ 'ಎೞ್'. ಬಾಳುವುದು, ಬೀಳುವುದು, ಏಳುವುದು: ಮಾನವನ ಜೀವ, ಅವನ ಪತನ, ಪ್ರಭುವಿನ ಪುನರುತ್ಥಾನ. ಈ ಮೂರನ್ನೂ ನಮ್ಮ ಪೂರ್ವಿಕರು ಇಂದು ನಮ್ಮಲ್ಲಿ ಯಾರಿಗೂ ಸಹಜವಾಗಿ ಬಾರದ ಒಂದೇ ಧ್ವನಿಯಿಂದ ನುಡಿದಿದ್ದರು. ತಮಿಳರೂ ಮಲಯಾಳಿಗಳೂ ಅದನ್ನು ಇನ್ನೂ ಉಳಿಸಿಕೊಂಡಿದ್ದಾರೆ. 'ತಮಿಳು' ಎಂಬ ಹೆಸರಿನ ಕೊನೆಯ ಧ್ವನಿಯೇ ಅದು. ಉಚ್ಚಾರಣೆಯ ಹಾಯ್ಗಡದಲ್ಲಿ ಪಂಪನು ಕಾವಲು ನಿಂತರೆ ಕನ್ನಡಿಗರಾದ ನಾವೆಲ್ಲರೂ ಎಫ್ರಯಿಮ್ಯರೇ.

ಧ್ವನಿಯನ್ನು ಕೇಳಿಸಿಕೊಂಡವರೆಲ್ಲರೂ ಜನರನ್ನು ಕೇಳಿಸಿಕೊಂಡರೆನ್ನಲಾಗದು. ದ್ರಾವಿಡ ಭಾಷೆಗಳಿಗೆ ವಿದ್ವತ್ ಪ್ರಪಂಚದಲ್ಲಿ ಗೌರವ ದೊರಕಿಸಿದ ಕಾಲ್ಡ್‌ವೆಲ್ಲರೇ 1849ರಲ್ಲಿ ತಮ್ಮ ಸೇವಾಕ್ಷೇತ್ರದ ಶಾನಾರ್ ಸಮುದಾಯದ ಬಗೆಗೆ ಬರೆದ ಪುಸ್ತಕ ಆ ಜನರನ್ನು ನೋಯಿಸಿತು; ಅದೇ ಸಮುದಾಯದ ಮುಂದಿನ ತಲೆಮಾರು ಅದನ್ನು ಪ್ರತಿಭಟಿಸಿತು. ಕಿವಿಯ ಸೂಕ್ಷ್ಮತೆಯೊಂದೇ ಪ್ರೀತಿಯಾಗದು.

6. ಅಕ್ಷರದ ಕೆಳಗಿನ ಚುಕ್ಕೆ

ಮಿಷನರಿಗಳು ಅನೇಕ ಖಂಡಗಳಲ್ಲಿ ಬೇರೆ ಬೇರೆ ಭಾಷೆಗಳನ್ನು ರೋಮನ್ ಲಿಪಿಯಲ್ಲಿ ಬರೆಯತೊಡಗಿದಂತೆ ಒಂದು ಸಾಮಾನ್ಯ ಪದ್ಧತಿ ಬೇಕಾಯಿತು. ಜರ್ಮನಿಯ ರಿಖಾರ್ಡ್ ಲೆಪ್ಸಿಯುಸ್ 1855ರಲ್ಲಿ ಪ್ರಕಟಿಸಿದ ಸಾರ್ವತ್ರಿಕ ವರ್ಣಮಾಲೆಯನ್ನು ಹಲವು ಮಿಷನ್ ಸಂಸ್ಥೆಗಳು ಸ್ವಾಗತಿಸಿದವು. ಮೂರ್ಧನ್ಯವನ್ನು ಅಕ್ಷರದ ಕೆಳಗೊಂದು ಚುಕ್ಕೆಯಿಟ್ಟು ತೋರಿಸುವ ರೂಢಿ ವಿದ್ವತ್ ಗ್ರಂಥಗಳಲ್ಲಿ ಇಂದಿಗೂ ನಡೆದುಬಂದಿದೆ.

ಇಲ್ಲಿ ಗುರು ಅಭ್ಯರ್ಥಿಗಳಿಗೆ ಒಂದು ಎಚ್ಚರಿಕೆ ಹೇಳಬೇಕು. ಹೀಬ್ರೂ ಮತ್ತು ಅರಮಾಯಿಕ್ ಪಠ್ಯಗಳ ರೋಮನ್ ಲಿಪ್ಯಂತರದಲ್ಲಿಯೂ 'ಟಿ' ಅಕ್ಷರದ ಕೆಳಗೆ ಅದೇ ಚುಕ್ಕೆ ಕಾಣುತ್ತದೆ. ಅಲ್ಲಿ ಅದು 'ಟೇತ್' ಎಂಬ ಅಕ್ಷರದ ಗುರುತು. ಗಂಟಲಿನ ಬಿಗಿತದಿಂದ ಹುಟ್ಟುವ ಆ ಘನ ಧ್ವನಿಗೂ ನಾಲಿಗೆಯ ಮಡಿಕೆಗೂ ಸಂಬಂಧವಿಲ್ಲ. ಯಾಯಿರನ ಮಗಳನ್ನು ಎಬ್ಬಿಸುವಾಗ ಯೇಸುಸ್ವಾಮಿ ನುಡಿದ 'ತಲಿಥಾ' ಎಂಬ ಪದದ ಮೊದಲ ಅಕ್ಷರ ಅದೇ. ಅದನ್ನು ಕನ್ನಡದ 'ಟ'ಕಾರದಂತೆ ಓದುವ ವಿದ್ಯಾರ್ಥಿಗಳನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಚುಕ್ಕೆ ಒಂದೇ, ಕೇಳಬೇಕಾದ ದನಿ ಬೇರೆ.

ಇಂದು ಆ ಚುಕ್ಕೆಯೂ ಮರೆಯಾಗುತ್ತಿದೆ. ಗಾನವೃಂದದವರು ಕನ್ನಡದ ಗೀತೆಗಳನ್ನು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಹಂಚಿಕೊಳ್ಳುವುದು ಅನೇಕ ಧರ್ಮಕೇಂದ್ರಗಳಲ್ಲಿ ರೂಢಿಯಾಗಿದೆ. ಆ ಬರಹದಲ್ಲಿ 'ಬಲಿ'ಗೂ 'ಬಳಿ'ಗೂ ವ್ಯತ್ಯಾಸವಿಲ್ಲ. ಪ್ರಭುವಿನ ಬಳಿಗೆ ಬರುವವರೂ ಬಲಿಗೆ ಬರುವವರೂ ಒಂದೇ. 'ಅನ್ನ'ವೂ 'ಅಣ್ಣ'ನೂ ಒಂದೇ. ದಶಾಜ್ಞೆಗಳಲ್ಲಿನ 'ಕೊಲ್ಲಬೇಡ' ಎಂಬುದನ್ನು ಅಂಗಡಿಯ ಮುಂದೆ ನಿಂತವನಿಗೆ ಹೇಳುವ 'ಕೊಳ್ಳಬೇಡ' ಎಂದೂ ಓದಬಹುದು. 2014ರಲ್ಲಿ ನಮ್ಮ ನಗರಗಳ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ಹತ್ತಿರ ತಂದೆವು. ಆದರೂ ಬೆಂಗಳೂರಿನ 'ಳ'ಕಾರಕ್ಕೆ ಇಂಗ್ಲಿಷ್ ಫಲಕದಲ್ಲಿ ಜಾಗ ದೊರೆಯಲಿಲ್ಲ. ಸ್ಟೀಫನ್ಸರು ಇಮ್ಮಡಿ ಅಕ್ಷರದಿಂದ ಉಳಿಸಿದ್ದನ್ನು ನಾವು ಅವಸರದಲ್ಲಿ ಕೈಬಿಡುತ್ತಿದ್ದೇವೆ. ಕನ್ನಡ ಓದಲು ಬಾರದವರಿಗೆ ರೋಮನ್ ಲಿಪಿಯ ನೆರವು ಬೇಕೆಂಬುದು ನಿಜ. ಆದರೆ ಕನ್ನಡದ ಪಾಠವೂ ಅದರ ಪಕ್ಕದಲ್ಲಿರಲಿ, ಮೂರ್ಧನ್ಯಕ್ಕೆ ಒಂದು ಗುರುತಾದರೂ ಉಳಿಯಲಿ.

7. ಸಮಾರೋಪ

ಈ ಚರಿತ್ರೆಯಿಂದ ಗುರುಮಠದಲ್ಲಿರುವ ನಮಗೆ ಎರಡು ಹೊಣೆಗಳು ಒದಗುತ್ತವೆ. ಮೊದಲನೆಯದು ಕಲಿಯುವವನದು. ವಿಶ್ವಾಸಿಗಳ ಭಾಷೆಯ ಧ್ವನಿಗಳನ್ನು ಸರಿಯಾಗಿ ನುಡಿಯುವುದು ಅಲಂಕಾರವಲ್ಲ, ಪಾಲನಾಸೇವೆಯ ಭಾಗ. ಹೆನ್ರಿಕಸರಿಗೂ ಸ್ಟೀಫನ್ಸರಿಗೂ ಕಿಟ್ಟೆಲರಿಗೂ ನಾಲಿಗೆ ಹೊರಳಿದ್ದು ವರ್ಷಗಟ್ಟಲೆ ಕಿವಿಗೊಟ್ಟ ಮೇಲೆ. 'ನಮ್ಮ ಊರಿನ ಮಾತೇ ಹೀಗೆ' ಎಂದು ಆಲಸ್ಯದಿಂದ ಕುಳಿತುಕೊಳ್ಳಲು ಅವರ ಚರಿತ್ರೆ ನಮಗೆ ಅವಕಾಶ ಕೊಡದು.

ಎರಡನೆಯದು ಕೇಳುವವನದು, ಅದು ಹೆಚ್ಚು ಕಠಿಣ. ಕನ್ನಡದ ಕೆಲವು ಉಪಭಾಷೆಗಳಲ್ಲಿಯೇ 'ಳ', 'ಣ'ಗಳು 'ಲ', 'ನ'ಗಳಾಗುತ್ತವೆ. ಅಂತಹ ಮನೆಗಳಿಂದ ಬಂದ ಅಭ್ಯರ್ಥಿಯ ಮಾತನ್ನು ತಿದ್ದುವ ನೆಪದಲ್ಲಿ ಅವನ ತಾಯಿಯ ಮಾತನ್ನೇ ಹೀಯಾಳಿಸುವ ಅಪಾಯವಿದೆ. ಆರಾಧನೆಯ ಭಾಷೆಯ ಬಗೆಗೆ ನಮ್ಮ ಧರ್ಮಸಭೆ ಅನುಭವಿಸಿದ ಮನಸ್ತಾಪಗಳನ್ನು ಬಲ್ಲವರಿಗೆ, ಒಂದು ಧ್ವನಿ ಎಷ್ಟು ಬೇಗ ಹಾಯ್ಗಡದ ಕಾವಲಾಗಬಲ್ಲದೆಂದು ಗೊತ್ತು. ತಿದ್ದುವುದಾದರೆ ಓದುವ ಮುನ್ನ ಏಕಾಂತದಲ್ಲಿ ತಿದ್ದೋಣ. ಓದಿದ ಮೇಲೆ ಗುಂಪಿನಲ್ಲಿ ನಗುವುದು ಬೇಡ.

ಪೀಠಿಕೆಯಲ್ಲಿ ಹೇಳಿದ ಅಭ್ಯರ್ಥಿಗೆ 'ಳ'ಕಾರವನ್ನು ಕಲಿಸಿದವರು ನಾವಲ್ಲ. ವಾರಾಂತ್ಯದ ಸೇವೆಗೆ ಅವರು ಹೋಗುತ್ತಿದ್ದ ಹಳ್ಳಿಯ ಧರ್ಮೋಪದೇಶದ ಮಕ್ಕಳು ಅದನ್ನು ಕಲಿಸಿದರು. ಮಕ್ಕಳು ಅವರಿಂದ 'ಬಾಳೆಹಣ್ಣು' ಎಂದು ಹೇಳಿಸಿದರು. ತಪ್ಪಿದಾಗ ಅವರ ಮುಂದೆಯೇ ನಕ್ಕರು, ಅವರೂ ನಕ್ಕರು. ಪ್ರತಿಯಾಗಿ ಅವರು ತಮ್ಮ ಭಾಷೆಯ ಒಂದು ಪದವನ್ನು ಕಲಿಸಿದರು. ಸ್ವರದ ಏರಿಳಿತ ಬದಲಾದರೆ ಅರ್ಥವೇ ಬದಲಾಗುವ ಭಾಷೆ ಅದು. ಅವರು ಅದನ್ನು ನಮಗೂ ಹೇಳಿಕೊಟ್ಟರು. ಎಷ್ಟು ಸಲ ಪ್ರಯತ್ನಿಸಿದರೂ ನಮ್ಮ ಕಿವಿಗೆ ಆ ಏರಿಳಿತಗಳ ವ್ಯತ್ಯಾಸ ಕೇಳಿಸಲೇ ಇಲ್ಲ. ತರಗತಿಯಲ್ಲಿ ನಕ್ಕಿದ್ದಕ್ಕೆ ನಾವು ಅವರಲ್ಲಿ ಕ್ಷಮೆ ಬೇಡಿದ್ದು ಅಂದೇ. ಈಗ ಅವರು ಯಾಜಕರಾಗಿ ಕನ್ನಡದಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದಾರೆ.

ಸಂತ ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ ಕಿವುಡನೂ ತೊದಲುಮಾತಿನವನೂ ಆಗಿದ್ದ ಒಬ್ಬನನ್ನು ಯೇಸುಸ್ವಾಮಿ ಜನರ ಗುಂಪಿನಿಂದ ಬೇರೆಯಾಗಿ ಕರೆದೊಯ್ಯುತ್ತಾರೆ. ಕಿವಿಗಳಲ್ಲಿ ಬೆರಳಿಟ್ಟು, ನಾಲಿಗೆಯನ್ನು ಮುಟ್ಟಿ 'ಎಪ್ಫಥಾ' ಎನ್ನುತ್ತಾರೆ. ಮೊದಲು ಅವನ ಕಿವಿಗಳು ತೆರೆಯುತ್ತವೆ, ಬಳಿಕ ನಾಲಿಗೆಯ ಕಟ್ಟು ಬಿಚ್ಚುತ್ತದೆ. ಸ್ನಾನದೀಕ್ಷೆಯ ವಿಧಿಯಲ್ಲಿ ಧರ್ಮಸಭೆ ನಮ್ಮ ಮೇಲೂ ಆ ಪ್ರಾರ್ಥನೆಯನ್ನು ಅದೇ ಕ್ರಮದಲ್ಲಿ ಸಲ್ಲಿಸುತ್ತದೆ: ಮೊದಲು ಕಿವಿ, ಅನಂತರ ಬಾಯಿ.